ಉಡುಪಿಯಿಂದ ಥಾರ್ ಮರುಭೂಮಿಗೆ: ಕ್ಯಾಂಪರ್ ವ್ಯಾನು, ಎರಡು ಬೈಕು, ಒಂದು ಚಳಿಗಾಲ

ದೀಪಾವಳಿ ಹತ್ರ ಬಂತು ಅಂದ್ರೆ ಸಾಕು, ಒಂದೇ ಪ್ರಶ್ನೆ ಶುರು. ಒಳಗೆ ಮಲಗುವ, ಅಡುಗೆ ಮಾಡುವ ಜಾಗ ಇರುವ ಕ್ಯಾಂಪರ್ ವ್ಯಾನ್ ತಗೊಂಡು ರಾಜಸ್ಥಾನಕ್ಕೆ ಹೋಗಿ ಎರಡು ತಿಂಗಳು ಅಲ್ಲೇ ಇರ್ಲಿಕ್ಕೆ ಆಗ್ತದಾ, ಬೈಕ್ ಹಿಂದೆ ಕಟ್ಕೊಂಡು ಹೋಗ್ಲಿಕ್ಕೆ ಬಿಡ್ತಾರಾ, ಮರಳಲ್ಲಿ ಓಡಿಸೋದು ಕಷ್ಟವಾ, ನೀರಿಗೆ ಎಂತ ಮಾಡೋದು. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳೋದಕ್ಕಿಂತ ಒಂದೇ ಕಡೆ ಬರೆದಿಡ್ತೇನೆ. ನಾನು ಇದನ್ನ ಮಂಗಳೂರು-ಉಡುಪಿ ಕಡೆಯಿಂದ ಹೊರಡೋರಿಗೆ ಅಂತಲೇ ಬರೀತಾ ಇದ್ದೇನೆ, ಯಾಕೆಂದ್ರೆ ವರ್ಷಕ್ಕೆ 4,000 ಮಿಲಿಮೀಟರ್ ಆಚೀಚೆ ಮಳೆ ಬೀಳುವ ಊರಿನವರು 200 ಮಿಲಿಮೀಟರೂ ಸರಿಯಾಗಿ ಬೀಳದ ಜೈಸಲ್ಮೇರಿಗೆ ಹೋದಾಗ ಮಾಡುವ ತಪ್ಪುಗಳೇ ಬೇರೆ.

ಮೊದಲೇ ಒಂದು ಮಾತು ಹೇಳಿಬಿಡ್ತೇನೆ, ಉಳಿದದ್ದೆಲ್ಲ ಇದರ ಸುತ್ತವೇ ಬರ್ತದೆ. ವ್ಯಾನ್ ಗಟ್ಟಿ ನೆಲದಲ್ಲಿ ನಿಲ್ಲಬೇಕು, ಬೈಕ್ ಮಾತ್ರ ಮರಳಿಗೆ ಹೋಗಬೇಕು. ವ್ಯಾನ್ ಮನೆ, ಬೈಕ್ ಕಾಲು. ಮನೆಯನ್ನೇ ಮರಳಿಗೆ ಇಳಿಸ್ಲಿಕ್ಕೆ ಹೋದವರ ಪ್ರವಾಸದ ಅರ್ಧ ದಿನ ಟ್ರ್ಯಾಕ್ಟರ್ ಹುಡುಕೋದ್ರಲ್ಲಿ ಹೋಗ್ತದೆ.

1. ಯಾವಾಗ ಹೋಗೋದು

ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆವರೆಗೆ. ಡಿಸೆಂಬರ್-ಜನವರಿಯಲ್ಲಿ ಹಗಲು 24-25 ಡಿಗ್ರಿ ಆಚೀಚೆ, ಹಾಯಾಗಿರ್ತದೆ, ಆದ್ರೆ ರಾತ್ರಿ 7-8 ಡಿಗ್ರಿಗೆ ಇಳೀತದೆ, ಕೆಲವು ದಿನ ಅದಕ್ಕಿಂತ ಕೆಳಗೆ. ನಮ್ಮೂರಲ್ಲಿ 20 ಡಿಗ್ರಿಗೇ ಸ್ವೆಟರ್ ಹಾಕೋರು ನಾವು, ಹಾಗಾಗಿ ಇದನ್ನ ಸಸಾರ ಮಾಡ್ಬೇಡಿ. ಮಾರ್ಚ್ ಬಂದ ಮೇಲೆ ಬಿಸಿಲು ಏರ್ತದೆ, ಆಮೇಲೆ ಧೂಳಿನ ಗಾಳಿ ಶುರುವಾಗ್ತದೆ, ಏಪ್ರಿಲ್‌ನಲ್ಲಿ ತಗಡಿನ ವ್ಯಾನೊಳಗೆ ಕೂತ್ಕೊಳ್ಳಿಕ್ಕೆ ಆಗೋದಿಲ್ಲ.

ಕಛ್‌ನ ಬಿಳಿ ರಣ್ ಕೂಡ ನೋಡ್ಬೇಕು ಅಂತಿದ್ರೆ ಅದನ್ನ ವಾಪಸ್ ಬರುವಾಗ, ಅಂದ್ರೆ ಜನವರಿ-ಫೆಬ್ರವರಿಗೆ ಇಟ್ಕೊಳ್ಳಿ. ರಣ್ ಅಂದ್ರೆ ಮಳೆಗಾಲದಲ್ಲಿ ನೀರು ನಿಂತು ಆಮೇಲೆ ಒಣಗುವ ಉಪ್ಪಿನ ಬಯಲು. ನವೆಂಬರ್‌ನಲ್ಲಿ ಮೇಲಿಂದ ಬೆಳ್ಳಗೆ ಗಟ್ಟಿ ಇದ್ದ ಹಾಗೆ ಕಾಣ್ತದೆ, ಕಾಲಿಟ್ರೆ ಒಳಗೆ ಕಪ್ಪು ಕೆಸರು. ಅಲ್ಲಿ ಬೈಕ್ ಇಳಿಸೋದು ಬೇಡವೇ ಬೇಡ.

2. ವ್ಯಾನಿನ ಕಾಗದಪತ್ರ

ಇದು ಬೋರಾದ ಭಾಗ, ಆದ್ರೆ ನಾಲ್ಕು ರಾಜ್ಯಗಳ ಮೇಲೆ ಹೋಗೋದು ಅನ್ನೋದು ಮಂಡೆಯಲ್ಲಿರ್ಲಿ. ಕೆಎ-19, ಕೆಎ-20 ನಂಬರ್ ನೋಡಿದ ಕೂಡ್ಲೆ ಕೈ ಅಡ್ಡ ಮಾಡುವವರು ದಾರಿಯುದ್ದಕ್ಕೂ ಸಿಗ್ತಾರೆ.

ಫೋರ್ಸ್ ಟ್ರಾವೆಲರೋ ಟಾಟಾ ವಿಂಗರೋ ತಗೊಂಡು ಒಳಗೆ ಬೆಡ್, ಕಿಚನ್ ಕೂರಿಸಿ ಆರ್‌ಸಿಯಲ್ಲಿ ಏನೂ ಬದಲಾವಣೆ ಮಾಡದೆ ಓಡಿಸುವವರು ತುಂಬ ಜನ ಇದ್ದಾರೆ, ದಯವಿಟ್ಟು ಹಾಗೆ ಮಾಡ್ಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ವಾಹನದ ಮೂಲ ರೂಪ ಬದಲಾಯಿಸ್ಲಿಕ್ಕೆ ಅನುಮತಿ ಬೇಕು, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನ ಬಿಗಿಯಾಗಿಯೇ ಹೇಳಿದೆ. ಮನೆಯ ಸೌಲಭ್ಯ ಇರುವ ಗಾಡಿಗೆ ಅಂತಲೇ ಎಐಎಸ್-124 ಅನ್ನೋ ಮಾನದಂಡ ಉಂಟು, ಅದರ ಪ್ರಕಾರ ಕಟ್ಟುವವರ ಹತ್ರವೇ ಮಾಡಿಸಿ ಆರ್‌ಸಿಯಲ್ಲಿ ಬಾಡಿ ಟೈಪ್ ಕ್ಯಾಂಪರ್ ವ್ಯಾನ್ ಅಂತ ಬರೆಸಿಕೊಳ್ಳಿ. ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ನಾನ್-ಟ್ರಾನ್ಸ್‌ಪೋರ್ಟ್ ಪಟ್ಟಿಗೆ ಬರ್ತದೆ, ಅಂದ್ರೆ ಬಿಳಿ ಬೋರ್ಡು. ಇನ್ಶೂರೆನ್ಸ್ ಪಾಲಿಸಿಯಲ್ಲೂ ಅದೇ ವಿವರ ಇರ್ಬೇಕು, ಇಲ್ಲಾಂದ್ರೆ ಕ್ಲೇಮ್ ಹೊತ್ತಿಗೆ ತಕರಾರು ಬರ್ತದೆ.

ಲೈಸೆನ್ಸ್ ವಿಷಯ ಸುಲಭ, ಒಟ್ಟು ತೂಕ 7,500 ಕೆಜಿ ಮೀರದ ಗಾಡಿಗೆ ಎಲ್‌ಎಂವಿ, ಅಂದ್ರೆ ಹಗುರ ವಾಹನದ ಲೈಸೆನ್ಸ್ ಸಾಕು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ರೆ ಮಾತ್ರ ಅಲ್ಲಿ ಮರುನೋಂದಣಿ ಬೇಕಾಗೋದು, ನಿಮ್ಮ ಎರಡು-ಮೂರು ತಿಂಗಳಿಗೆ ಆ ತಲೆಬಿಸಿ ಇಲ್ಲ.

ಮತ್ತೊಂದು ವಿಷಯ, ಇದನ್ನ ಎಲ್ಲರಿಗೂ ಹೇಳ್ತೇನೆ. ದಾರಿ ಗುಜರಾತ್ ಮೇಲೆಯೇ ಹೋಗೋದು, ಅಲ್ಲಿ ಮದ್ಯ ನಿಷೇಧ ಉಂಟು. ಗೋವಾ ಅಥವಾ ಊರಿನಿಂದ ಒಂದು ಬಾಟ್ಲಿ ವ್ಯಾನಲ್ಲಿ ಬಿದ್ದಿದ್ರೂ ಕೇಸು. ಮಹಾರಾಷ್ಟ್ರ ದಾಟುವ ಮೊದಲೇ ಮೂಲೆ ಮೂಲೆ ನೋಡಿ ಖಾಲಿ ಮಾಡಿ.

3. ಬೈಕನ್ನ ಹೇಗೆ ಸಾಗಿಸೋದು

ಅತಿ ಹೆಚ್ಚು ತಪ್ಪಾಗೋದು ಇಲ್ಲಿ. ವ್ಯಾನಿನ ಹಿಂದೆ ಒಂದು ರ‍್ಯಾಕ್ ವೆಲ್ಡ್ ಮಾಡಿಸಿ ಬೈಕ್ ನಿಲ್ಲಿಸಿದ್ರೆ ಆಯ್ತು ಅಂತ ಎಲ್ಲರಿಗೂ ಅನ್ನಿಸ್ತದೆ. ಸ್ವಲ್ಪ ಲೆಕ್ಕ ಹಾಕುವ.

ಹೀರೋ ಕಂಪನಿಯ ಎಕ್ಸ್‌ಪಲ್ಸ್ 200 4ವಿ ಬೈಕ್ 158 ಕೆಜಿ, ರ‍್ಯಾಕ್ ಒಂದು 30 ಕೆಜಿ ಅಂತಿಟ್ಕೊಳ್ಳಿ, ಹತ್ರ ಹತ್ರ 190 ಕೆಜಿ. ಈ ಭಾರ ಹಿಂದಿನ ಆಕ್ಸಲ್‌ನಿಂದ ಒಂದೂವರೆ ಮೀಟರ್ ಹಿಂದೆ ನೇತಾಡ್ತದೆ, ಗಾಡಿಯ ವೀಲ್‌ಬೇಸ್, ಅಂದ್ರೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಇರುವ ದೂರ, 3.35 ಮೀಟರ್. ಸನ್ನೆಕೋಲಿನ ಹಾಗೆ ಆಗ್ತದೆ, ಮುಂದಿನ ಚಕ್ರದ ಮೇಲಿಂದ ಸುಮಾರು 85 ಕೆಜಿ ಎತ್ತಿ ಹಿಂದಿನ ಆಕ್ಸಲ್ ಮೇಲೆ 275 ಕೆಜಿ ಕೂರಿಸಿದ ಹಾಗೆ. ಬೈಕ್ 158, ಆಕ್ಸಲ್‌ಗೆ ಬೀಳೋದು 275. ಎರಡು ಬೈಕ್ ಆದ್ರೆ ಸ್ಟೇರಿಂಗ್ ಹಗುರಾಗಿ ಘಾಟಿಯಲ್ಲಿ ಮುಂದೆ ಹಿಡಿತವೇ ಇರೋದಿಲ್ಲ. ಅದರ ಮೇಲೆ ನಂಬರ್ ಪ್ಲೇಟು, ಹಿಂದಿನ ಲೈಟು ಮುಚ್ಚಿಹೋಗ್ತದೆ, ಭಾರ ಹೊರಗೆ ಚಾಚಿಕೊಂಡಿರ್ತದೆ, ಎರಡೂ ದಂಡಕ್ಕೆ ಕಾರಣ.

ಹಾಗಾದ್ರೆ ದಾರಿ ಎಂತ? ಮೂರು ಉಂಟು. ಒಂದು, ವ್ಯಾನೊಳಗೆ ಹಿಂದಿನ ಮಂಚ ಎತ್ತರ ಮಾಡಿಸಿ ಅದರ ಅಡಿಯಲ್ಲಿ ಬೈಕ್ ನಿಲ್ಲಿಸೋದು, ಒಂದು ಬೈಕ್‌ಗೆ ಇದು ಚೆಂದ ಆಗ್ತದೆ, ಆದ್ರೆ ಮುಂದಿನ ಚಕ್ರ ಬಿಚ್ಚಬೇಕಾದೀತು, ಮತ್ತೆ ಪೆಟ್ರೋಲ್ ವಾಸನೆಗೆ ಕಿಟಕಿ, ವೆಂಟ್ ತೆರೆದೇ ಇರ್ಬೇಕು, ಅದೇ ಜಾಗದಲ್ಲಿ ಗ್ಯಾಸ್ ಸ್ಟವ್ ಹಚ್ಚುವಂತಿಲ್ಲ. ಎರಡು, ರೈಲಲ್ಲಿ ಪಾರ್ಸೆಲ್. ನಮ್ಮ ಕೊಂಕಣ ಲೈನಿನ ಮೇಲೆಯೇ ಹೋಗುವ ಮರುಸಾಗರ್ ಎಕ್ಸ್‌ಪ್ರೆಸ್ ಅಜ್ಮೀರ್‌ವರೆಗೆ ಹೋಗ್ತದೆ. ಟ್ಯಾಂಕ್ ಪೂರ್ತಿ ಖಾಲಿ ಮಾಡಿಸ್ತಾರೆ, ಆರ್‌ಸಿ ಮತ್ತು ಐಡಿ ಪ್ರತಿ ಬೇಕು, ಗೋಣಿ ಮತ್ತು ಹುಲ್ಲು ಸುತ್ತಿ ಪ್ಯಾಕ್ ಮಾಡ್ಬೇಕು, ಕನ್ನಡಿ, ಲಿವರ್ ಬಿಚ್ಚಿ ನಿಮ್ಮ ಹತ್ರವೇ ಇಟ್ಕೊಳ್ಳಿ. ಮೂರು, ಇಬ್ಬರಲ್ಲಿ ಒಬ್ಬರು ಸರದಿ ಮೇಲೆ ಬೈಕ್ ಓಡಿಸೋದು. ನನ್ನ ಆಯ್ಕೆ ಮೊದಲನೆಯದ್ದು ಮತ್ತು ಎರಡನೆಯದ್ದು ಸೇರಿಸಿ, ಒಂದು ವ್ಯಾನಲ್ಲಿ, ಒಂದು ರೈಲಲ್ಲಿ.

ಯಾವ ಬೈಕ್ ಅಂತ ಕೇಳುವವರಿಗೆ: ಹಗುರ ಇದ್ದಷ್ಟೂ ಒಳ್ಳೇದು. ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ರಸ್ತೆಯಲ್ಲಿ ಸುಖ, ಆದ್ರೆ 196 ಕೆಜಿ, ಮರಳಲ್ಲಿ ಬಿದ್ದ ಅದನ್ನ ದಿನಕ್ಕೆ ಹತ್ತು ಸಲ ಎತ್ತಿ ನೋಡಿ, ಸೊಂಟ ಹೋಗ್ತದೆ. ಹೊಸಬರಿಗೆ ಎಕ್ಸ್‌ಪಲ್ಸ್ ಸಾಕು.

ಹೊರಡುವ ಮೊದಲು ನೀರು, ಗ್ಯಾಸ್, ಬೈಕ್, ಮನುಷ್ಯರು ಎಲ್ಲ ತುಂಬಿಸಿ ಬೈಕಂಪಾಡಿ ಕಡೆ ಲಾರಿ ತೂಗುವ ಯಾವುದಾದ್ರೂ ವೇಬ್ರಿಡ್ಜ್ ಮೇಲೆ ಒಂದ್ಸಲ ನಿಲ್ಲಿಸಿ. ಮೊದಲು ಇಡೀ ಗಾಡಿ, ಆಮೇಲೆ ಹಿಂದಿನ ಚಕ್ರ ಮಾತ್ರ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ಮೀರಿದ್ರೆ ಸಾಮಾನು ಇಳಿಸಿ, ಬೇರೆ ಉಪಾಯ ಇಲ್ಲ.

4. ಊರಲ್ಲಿ ಅಭ್ಯಾಸ

ಪಡುಕೆರೆಯಲ್ಲೋ ಕಾಪುವಿನಲ್ಲೋ ಬೀಚಿಗೆ ಬೈಕ್ ಇಳಿಸಿ ಪ್ರಾಕ್ಟೀಸ್ ಮಾಡ್ಬಹುದಾ ಅಂತ ಕೇಳ್ತಾರೆ. ಬೇಡ. ಚಳಿಗಾಲ ನಮ್ಮ ಕರಾವಳಿಯಲ್ಲಿ ಕಡಲಾಮೆ ಮೊಟ್ಟೆ ಇಡ್ಲಿಕ್ಕೆ ಬರುವ ಕಾಲ, ಜನರೂ ಮಕ್ಕಳೂ ಓಡಾಡುವ ಜಾಗ, ಪೊಲೀಸರೂ ಬಿಡೋದಿಲ್ಲ. ಅದಲ್ಲದೆ ಅಲೆ ತಾಗುವ ಒದ್ದೆ ಮರಳು ಗಟ್ಟಿ ಇರ್ತದೆ, ಥಾರ್‌ನ ಒಣ ಮರಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಉಪ್ಪು ತಾಗಿ ಚೈನ್ ತುಕ್ಕು ಹಿಡಿಯೋದು ಮಾತ್ರ ಲಾಭ.

ಅದರ ಬದಲು ಕೆಲಸ ನಿಂತ ಮುರಕಲ್ಲು ಕೋರೆ ಇದ್ರೆ ಯಜಮಾನರ ಹತ್ರ ಕೇಳಿ, ಅಲ್ಲಿ ಸಡಿಲ ಜಲ್ಲಿ, ಪುಡಿ ಕಲ್ಲು ಇರುವ ಕಡೆ ನಿಂತುಕೊಂಡು ಓಡಿಸಿ ಅಭ್ಯಾಸ ಮಾಡಿ. ಫುಟ್‌ಪೆಗ್ ಮೇಲೆ ನಿಂತು ಅರ್ಧ ಗಂಟೆ ಓಡಿಸ್ಲಿಕ್ಕೆ ಕಾಲಲ್ಲಿ ಬಲ ಬಂದ್ರೆ ಸಾಕು, ಉಳಿದದ್ದನ್ನ ಮರಳೇ ಕಲಿಸ್ತದೆ.

5. ದಾರಿ

ಒಟ್ಟು 2,000 ಕಿಲೋಮೀಟರ್ ಆಚೀಚೆ. ಭಾರದ ವ್ಯಾನಿಗೆ ನಾನು ಹೇಳೋದು: ಅಂಕೋಲಾವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೋಗಿ, ಅಲ್ಲಿಂದ ಅರಬೈಲು ಘಾಟಿ ಹತ್ತಿ ಯಲ್ಲಾಪುರ, ಹುಬ್ಬಳ್ಳಿ, ಆಮೇಲೆ ಹೆದ್ದಾರಿ 48ರಲ್ಲಿ ಬೆಳಗಾವಿ, ಕೊಲ್ಹಾಪುರ, ಪುಣೆ, ಮುಂಬೈ ಹೊರವಲಯ, ಸೂರತ್, ಅಹಮದಾಬಾದ್. ಅಲ್ಲಿಂದ ಮೆಹಸಾಣಾ, ಡೀಸಾ, ಥರಾದ್, ಸಾಂಚೋರ್, ಬಾಡಮೇರ್ ಮೇಲೆ ಜೈಸಲ್ಮೇರ್. ದಿನಕ್ಕೆ 350-400 ಕಿಲೋಮೀಟರ್ ಇಟ್ಕೊಂಡ್ರೆ ಐದಾರು ದಿನ. ಬೈಕಲ್ಲಿ ಬರುವವರು ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇ ಹತ್ತುವಂತಿಲ್ಲ, ದ್ವಿಚಕ್ರಕ್ಕೆ ಅಲ್ಲಿ ನಿಷೇಧ, ಲೋನಾವಳಾ ಮೇಲಿನ ಹಳೇ ಹೈವೇಯಲ್ಲೇ ಹೋಗ್ಬೇಕು.

ಬಿಎಸ್-6 ಡೀಸೆಲ್ ವ್ಯಾನ್ ಆದ್ರೆ ಡಿಇಎಫ್, ಅಂದ್ರೆ ಹೊಗೆ ಶುದ್ಧ ಮಾಡ್ಲಿಕ್ಕೆ ಬೇರೆ ಟ್ಯಾಂಕಿಗೆ ಹಾಕುವ ಯೂರಿಯಾ ದ್ರಾವಣ, ಅಹಮದಾಬಾದಲ್ಲೇ ಒಂದು ಕ್ಯಾನ್ ಹೆಚ್ಚಿಗೆ ತಗೊಳ್ಳಿ. ಅದು ಖಾಲಿಯಾದ್ರೆ ಗಾಡಿ ಸ್ಟಾರ್ಟೇ ಆಗದೆ ಕೂತ್ಕೊಳ್ತದೆ.

6. ಎಲ್ಲಿ ಇರೋದು, ಎಲ್ಲಿ ಓಡಿಸೋದು

ಇದನ್ನ ನಿಧಾನಕ್ಕೆ ಓದಿ. ಮರುಭೂಮಿ ಅಂದ್ರೆ ಯಾರದ್ದೂ ಅಲ್ಲದ ಖಾಲಿ ಜಾಗ ಅಂತ ನಮಗೆ ಅನ್ನಿಸ್ತದೆ, ಹಾಗಲ್ಲ, ಪ್ರತಿ ಅಂಗುಲಕ್ಕೂ ಯಜಮಾನರು ಇದ್ದಾರೆ. ಕೆಲವು ಕಡೆ ಸರ್ಕಾರ, ಕೆಲವು ಕಡೆ ಸೈನ್ಯ, ಕೆಲವು ಕಡೆ ದೇವರು.

ಜೈಸಲ್ಮೇರಿಂದ ಪಶ್ಚಿಮಕ್ಕೆ ನಲವತ್ತು ಚಿಲ್ಲರೆ ಕಿಲೋಮೀಟರ್ ಹೋದ್ರೆ ಸಮ್, ನೈಋತ್ಯಕ್ಕೆ ಹೆಚ್ಚು ಕಡಿಮೆ ಅಷ್ಟೇ ದೂರ ಹೋದ್ರೆ ಖುರಿ. ಎರಡೂ ಕಡೆ ಡೆಸರ್ಟ್ ಕ್ಯಾಂಪ್‌ಗಳಿವೆ. ಅವರ ಕಾಂಪೌಂಡಲ್ಲಿ ದಿನಕ್ಕೆ ಇಷ್ಟು ಅಂತ ಮಾತಾಡಿ ವ್ಯಾನ್ ನಿಲ್ಲಿಸೋದೇ ಅತ್ಯಂತ ನೆಮ್ಮದಿಯ ಉಪಾಯ, ನೀರು, ಟಾಯ್ಲೆಟ್ ಎರಡೂ ಸಿಗ್ತದೆ. ಸಮ್‌ನಲ್ಲಿ ರಾತ್ರಿ ಡಿಜೆ ಗಲಾಟೆ ಜೋರು, ದಿನಗಟ್ಟಲೆ ಇರುವವರಿಗೆ ಖುರಿ ಒಳ್ಳೇದು.

ಓಡಿಸಬಾರದ ಜಾಗಗಳು ಇವು. ಡೆಸರ್ಟ್ ನ್ಯಾಷನಲ್ ಪಾರ್ಕ್ 3,162 ಚದರ ಕಿಲೋಮೀಟರ್, ಜೈಸಲ್ಮೇರ್ ಮತ್ತು ಬಾಡಮೇರ್ ಜಿಲ್ಲೆಗಳಲ್ಲಿ ಹರಡಿದೆ, ಸಮ್-ಖುರಿ ಸುತ್ತಮುತ್ತಲೇ ಅದರ ಗಡಿ ಉಂಟು. ಗ್ರೇಟ್ ಇಂಡಿಯನ್ ಬಸ್ಟರ್ಡ್, ಅಲ್ಲಿಯವರ ಬಾಯಲ್ಲಿ ಗೋಡಾವಣ್, ಈ ಭೂಮಿ ಮೇಲೆ ಉಳಿದಿರೋದೇ ಬೆರಳೆಣಿಕೆಯಷ್ಟು ಜಾಗದಲ್ಲಿ, ಅದರಲ್ಲಿ ಇದೇ ಮುಖ್ಯ. ಆ ಹಕ್ಕಿ ನೆಲದ ಮೇಲೆಯೇ ಮೊಟ್ಟೆ ಇಡೋದು, ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ. ಬೈಕ್ ಇಳಿಸುವ ಮೊದಲು ಕ್ಯಾಂಪಿನವರ ಹತ್ರವೂ ಅರಣ್ಯ ಇಲಾಖೆಯ ಚೌಕಿಯಲ್ಲೂ ಎಲ್ಲಿವರೆಗೆ ಹೋಗ್ಬಹುದು ಅಂತ ಕೇಳಿಯೇ ಇಳಿಸಿ. ಪೋಖರಣ್ ಫೀಲ್ಡ್ ಫೈರಿಂಗ್ ರೇಂಜ್ ಸೈನ್ಯದ ಜಾಗ, ಸಿಡಿಯದ ಶೆಲ್ ಬಿದ್ದಿರ್ಬಹುದು, ಡಾಂಬರು ಬಿಟ್ಟು ಇಳಿಯೋದೇ ಬೇಡ. ಗಡಿ ಕಡೆ ತನೋಟ್ ದೇವಸ್ಥಾನ, 1971ರ ಯುದ್ಧದ ಲೋಂಗೇವಾಲಾ ಇವೆಲ್ಲ ರಸ್ತೆಯಲ್ಲೇ ಹೋಗಿ ನೋಡಿ ಬರುವ ಜಾಗ, ಅಲ್ಲಿಂದ ಮುಂದೆ ಗಡಿ ಕಡೆ ಹೋಗ್ಬೇಕಾದ್ರೆ ಅನುಮತಿ ಬೇಕು, ಬಿಎಸ್ಎಫ್‌ನವರು ಬೇಡ ಅಂದ್ರೆ ಬೇಡ. ಆ ಬದಿಯಲ್ಲಿ ಡ್ರೋನ್ ಹೊರಗೆ ತೆಗೀಲೇಬೇಡಿ. ಸ್ಯಾಟಲೈಟ್ ಫೋನ್ ಭಾರತದಲ್ಲಿ ಪರವಾನಗಿ ಇಲ್ಲದೆ ಇಟ್ಕೊಳ್ಳೋದೇ ಅಪರಾಧ, ಗಲ್ಫ್‌ನಿಂದ ತಂದದ್ದು ಮನೆಯಲ್ಲಿದ್ರೂ ತಗೊಂಡು ಹೋಗ್ಬೇಡಿ.

ಇನ್ನೊಂದು ಓರಣ್. ಮ್ಯಾಪಲ್ಲಿ ಖಾಲಿ ಕಾಣ್ತದೆ. ಓರಣ್ ಅಂದ್ರೆ ದೇವರ ಹೆಸರಲ್ಲಿ ಬಿಟ್ಟ ಕಾಡು, ಹುಲ್ಲುಗಾವಲು, ಒಂದು ಕಡ್ಡಿಯನ್ನೂ ಮುರಿಯೋದಿಲ್ಲ ಅಲ್ಲಿಯವರು. ನಮ್ಮ ನಾಗಬನ ನೆನಪು ಮಾಡ್ಕೊಳ್ಳಿ, ನಾಗಬನದೊಳಗೆ ಯಾರೋ ಹೊರಗಿನವರು ಬಂದು ಬೈಕ್ ಓಡಿಸಿದ್ರೆ ನಮಗೆ ಹೇಗಾಗ್ತದೆ, ಅಲ್ಲಿಯವರಿಗೂ ಹಾಗೆಯೇ ಆಗ್ತದೆ. ಸಣ್ಣ ಗುಡಿ, ಧ್ವಜ, ಮರದ ಗುಂಪು ಕಂಡ್ರೆ ದೂರದಿಂದಲೇ ಸುತ್ತು ಹಾಕಿ.

ಹಾಗಾದ್ರೆ ಓಡಿಸೋದೆಲ್ಲಿ? ಹಳ್ಳಿಯವರ ಒಪ್ಪಿಗೆ ಇರುವ ದಿಬ್ಬಗಳು, ಕ್ಯಾಂಪ್‌ಗಳಿಗೆ ಸೇರಿದ ದಿಬ್ಬಗಳು, ಹಳ್ಳಿಯಿಂದ ಹಳ್ಳಿಗೆ ಹೋಗುವ ಮರಳು ದಾರಿಗಳು. ಊರಿನ ಒಬ್ಬ ಹುಡುಗನನ್ನ ಮೊದಲ ಎರಡು ದಿನ ದುಡ್ಡು ಕೊಟ್ಟು ಜೊತೆಗೆ ಕರ್ಕೊಳ್ಳಿ. ಆ ಎರಡು ದಿನದಲ್ಲಿ ನೀವು ಕಲಿಯುವಷ್ಟು ಯಾವ ಮ್ಯಾಪೂ ಕಲಿಸೋದಿಲ್ಲ.

7. ವ್ಯಾನ್ ನಿಲ್ಲಿಸುವ ಕ್ರಮ

ನೆಲ ನೋಡುವ ಉಪಾಯ ಒಂದೇ, ಇಳಿದು ನಡೆಯಿರಿ. ಚಪ್ಪಲಿಯ ಹಿಮ್ಮಡಿ ಒಂದು ಇಂಚಿಗಿಂತ ಹೆಚ್ಚು ಹೂತ್ರೆ ವ್ಯಾನ್ ಅಲ್ಲಿಗೆ ಬೇಡ. ಜೈಸಲ್ಮೇರ್ ಸುತ್ತ ಕಲ್ಲು ಹರಳಿನ ಗಟ್ಟಿ ಬಯಲು ಬೇಕಾದಷ್ಟು ಉಂಟು.

ನಿಲ್ಲಿಸುವಾಗ ಮೂತಿ ಪಶ್ಚಿಮಕ್ಕೆ ಇರ್ಲಿ. ನಮ್ಮ ವ್ಯಾನುಗಳ ಬಾಗಿಲು ಎಡಬದಿಗೆ, ಹಾಗೆ ನಿಲ್ಲಿಸಿದ್ರೆ ಬಾಗಿಲು ದಕ್ಷಿಣಕ್ಕೆ ಬರ್ತದೆ, ಚಳಿಗಾಲದ ಸೂರ್ಯ ದಕ್ಷಿಣಕ್ಕೇ ವಾಲಿಕೊಂಡಿರ್ತಾನೆ, ಬೆಳಿಗ್ಗೆ ಎಳೆ ಬಿಸಿಲು ನೇರ ಒಳಗೆ ಬರ್ತದೆ, ಬಡಗಣದ ಚಳಿಗಾಳಿಗೆ ಗಾಡಿಯ ಬೆನ್ನು.

ಸೋಲಾರ್‌ಗೂ ಇದೇ ಲೆಕ್ಕ. ಡಿಸೆಂಬರ್ ಕೊನೆಯಲ್ಲಿ ಮಧ್ಯಾಹ್ನ ಉಡುಪಿಯಲ್ಲಿ ಸೂರ್ಯ 53 ಡಿಗ್ರಿ ಎತ್ತರಕ್ಕೆ ಬರ್ತಾನೆ, ಜೈಸಲ್ಮೇರಲ್ಲಿ 40 ಡಿಗ್ರಿಯಷ್ಟೇ. ಮಾಡಿನ ಮೇಲೆ ಮಲಗಿಸಿದ ಪ್ಯಾನಲ್‌ಗೆ ಬೆಳಕು ಓರೆಯಾಗಿ ಬೀಳ್ತದೆ, ಊರಲ್ಲಿ ಸಿಕ್ಕಿದಷ್ಟು ಕರೆಂಟ್ ಸಿಗೋದಿಲ್ಲ. ಬಲಬದಿಯ ಅಂಚು ಎತ್ತುವ ಹಾಗೆ ಒಂದು ಸ್ಟ್ಯಾಂಡ್ ಮಾಡಿಸಿ. 400 ವ್ಯಾಟ್ ಪ್ಯಾನಲ್ ಮಲಗಿಸಿಯೇ ಇಟ್ರೆ ದಿನಕ್ಕೆ 1,200 ವ್ಯಾಟ್-ಅವರ್ ಅಂತ ಲೆಕ್ಕ ಹಾಕಿ. 12 ವೋಲ್ಟ್ ಫ್ರಿಜ್‌ಗೆ 500, ಲೈಟು, ಫೋನು, ಲ್ಯಾಪ್‌ಟಾಪಿಗೆ 300, ಉಳಿದದ್ದು ನೀರಿನ ಪಂಪು ಮತ್ತು ಟೈರಿಗೆ ಗಾಳಿ ತುಂಬಿಸುವ ಕಂಪ್ರೆಸರ್‌ಗೆ. 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಇದ್ರೆ 2,500 ವ್ಯಾಟ್-ಅವರ್ ಶೇಖರಣೆ, ಎರಡು ದಿನ ಮೋಡ ಇದ್ರೂ ಸುಧಾರಿಸ್ಬಹುದು. ಇಂಡಕ್ಷನ್ ಸ್ಟವ್ ಆಸೆ ಬಿಡಿ. ದಿನಾ ಬೆಳಿಗ್ಗೆ ಪ್ಯಾನಲ್ ಮೇಲಿನ ಧೂಳನ್ನ ಒಣ ಬಟ್ಟೆಯಲ್ಲಿ ಮೆತ್ತಗೆ ತಟ್ಟಿ ತೆಗೀರಿ, ಉಜ್ಜಿದ್ರೆ ಗಾಜಲ್ಲಿ ಗೀರು ಬೀಳ್ತದೆ.

ರಾತ್ರಿ ಚಳಿಗೆ ಬೆಂಕಿ ಕೆಂಡದ ಅಗ್ಗಿಷ್ಟಿಕೆಯನ್ನ ವ್ಯಾನೊಳಗೆ ಇಡೋದು, ಗ್ಯಾಸ್ ಸ್ಟವ್ ಹಚ್ಚಿಟ್ಟು ಮಲಗೋದು, ಇವೆರಡೂ ಪ್ರಾಣ ತೆಗೆಯುವ ಕೆಲಸ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದವರು ಏಳೋದೇ ಇಲ್ಲ. ಸೊನ್ನೆ ಡಿಗ್ರಿಗೆ ಆಗುವ ಸ್ಲೀಪಿಂಗ್ ಬ್ಯಾಗ್, ಉಣ್ಣೆ ಟೊಪ್ಪಿ, ಬಿಸಿನೀರಿನ ರಬ್ಬರ್ ಚೀಲ ಸಾಕು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದು ಮಂಚದ ತಲೆಬದಿ ಹಾಕಿಸಿ, ವೆಂಟ್ ಒಂದು ಬೆರಳಿನಷ್ಟು ತೆರೆದಿರ್ಲಿ, ಇಲ್ಲಾಂದ್ರೆ ಉಸಿರಿನ ನೀರು ಗಾಜಿಂದ ತೊಟ್ಟಿಕ್ಕಿ ಹಾಸಿಗೆ ಒದ್ದೆ ಆಗ್ತದೆ.

ಒಂದು ವಿಷಯ ನಮ್ಮ ಕರಾವಳಿಯ ಗಾಡಿಗಳಿಗೆ ಮಾತ್ರ ಆಗೋದು. ಇಲ್ಲಿಯ ಮಳೆಗಾಲದಲ್ಲಿ ಉಬ್ಬಿದ ಪ್ಲೈವುಡ್ ಅಲ್ಲಿಯ ಒಣ ಗಾಳಿಗೆ ಎರಡು ವಾರದಲ್ಲಿ ಕುಗ್ತದೆ. ನಮ್ಮ ವ್ಯಾನಲ್ಲಿ ಕಿಚನ್ ಕಪಾಟಿನ ಕೀಲು ಒಂದೊಂದೇ ಸ್ಕ್ರೂ ಹೊರಗೆ ಬಂದು, ಒಂದು ಬೆಳಿಗ್ಗೆ ಬಾಗಿಲು ಕೈಗೇ ಬಂತು, ಸ್ಕ್ರೂ ಕೂತಿದ್ದ ತೂತು ಅಗಲ ಆಗಿ ಮರದ ಹುಡಿ ಉದುರ್ತಾ ಇತ್ತು. ಬೆಂಕಿಕಡ್ಡಿ ಮತ್ತು ಫೆವಿಕಾಲ್ ತುಂಬಿಸಿ ಪುನಃ ಬಿಗಿ ಮಾಡಿದ್ದು. ವಾರಕ್ಕೊಮ್ಮೆ ಎಲ್ಲ ಸ್ಕ್ರೂ ತಿರುಗಿಸಿ ನೋಡಿ, ವಿಶೇಷವಾಗಿ ಗ್ಯಾಸ್ ಪೈಪಿನ ಕ್ಲಾಂಪ್.

8. ನೀರು, ಅಡುಗೆ, ಕಸ

ಇಬ್ಬರಿಗೆ ದಿನಕ್ಕೆ 20 ಲೀಟರ್: ಕುಡೀಲಿಕ್ಕೆ ತಲಾ ನಾಲ್ಕು, ಅಡುಗೆ-ಪಾತ್ರೆ-ಕೈಕಾಲಿಗೆ ಉಳಿದ ಹನ್ನೆರಡು. ಸ್ನಾನ ದಿನ ಬಿಟ್ಟು ದಿನ, ಅರ್ಧ ಬಕೆಟ್. 100 ಲೀಟರ್ ಟ್ಯಾಂಕ್ ಇದ್ರೆ ನಾಲ್ಕು ದಿನಕ್ಕೊಮ್ಮೆ ತುಂಬಿಸ್ಬೇಕು. ಬಾವಿಗೆ ಕೊಡಪಾನ ಇಳಿಸಿದ್ರೆ ನೀರು ಅನ್ನೋ ಅಭ್ಯಾಸದವರು ನಾವು, ನಳ್ಳಿ ತಿರುಗಿಸಿ ಬಿಡುವ ಕೈ ತಡೀಲಿಕ್ಕೆ ಸುರುವಿಗೆ ಕಷ್ಟ. ಅಲ್ಲಿಯ ಕೊಳವೆಬಾವಿ ನೀರು ಹಲವು ಕಡೆ ಉಪ್ಪು, ಕುಡೀಲಿಕ್ಕೆ ಆರ್‌ಓ ಕ್ಯಾನ್ ತಗೊಳ್ಳಿ.

ಹಳ್ಳಿ ಬದಿಯಲ್ಲಿ ನೆಲದೊಳಗೆ ಗಾರೆ ಮಾಡಿದ ಮುಚ್ಚಳದ ಗುಂಡಿ ಕಾಣ್ತದೆ, ಅದಕ್ಕೆ ಟಾಂಕಾ ಅಂತಾರೆ, ಮಳೆನೀರು ಹಿಡಿದಿಡುವ ತೊಟ್ಟಿ. ಅದರ ಸುತ್ತ ಇಳಿಜಾರಾಗಿ ಗುಡಿಸಿದ ಅಂಗಳ ಇರ್ತದಲ್ಲ, ಆ ಅಂಗಳದಲ್ಲಿ ಬಿದ್ದ ಮಳೆಯೇ ಅವರ ವರ್ಷದ ನೀರು. ಆ ಅಂಗಳದ ಮೇಲೆ ಚಪ್ಪಲಿ ಕಾಲಿಡ್ಬೇಡಿ, ಬೈಕಂತೂ ಹತ್ತಿಸ್ಲೇಬೇಡಿ, ಕೇಳದೆ ಮುಚ್ಚಳ ತೆಗೀಬೇಡಿ. ಕೇಳಿದ್ರೆ ಒಂದು ಲೋಟ ಕೊಡದೆ ಕಳಿಸೋರಲ್ಲ, ಕೊಟ್ಟದ್ದನ್ನ ಕುಡೀರಿ, ಟ್ಯಾಂಕ್ ತುಂಬಿಸ್ಲಿಕ್ಕೆ ಕೇಳ್ಬೇಡಿ.

ಕುಚ್ಚಲಕ್ಕಿ ಬೇಯ್ಲಿಕ್ಕೆ ಹೊತ್ತು ಹಿಡೀತದೆ, ಗ್ಯಾಸೂ ನೀರೂ ಎರಡೂ ಹೆಚ್ಚು ಹೋಗ್ತದೆ. ರಾತ್ರಿಯೇ ನೆನೆಸಿಟ್ಟು ಕುಕ್ಕರಲ್ಲಿ ಮಾಡಿ, ಇಲ್ಲಾಂದ್ರೆ ಎರಡು ತಿಂಗಳು ಬೆಳ್ತಿಗೆಗೆ ಹೊಂದಿಕೊಳ್ಳಿ. ಕೋರಿ ರೊಟ್ಟಿಯ ಒಣ ರೊಟ್ಟಿ ಎರಡು ಡಬ್ಬ ಕಟ್ಕೊಳ್ಳಿ, ಆ ಒಣ ಗಾಳಿಗೆ ಅದು ಮೆತ್ತಗೆ ಆಗೋದೇ ಇಲ್ಲ, ಯಾವ ಸಾರಿಗೂ ಹೊಂದ್ತದೆ. 5 ಕೆಜಿಯ ಛೋಟು ಸಿಲಿಂಡರ್ ಎರಡು ಇದ್ರೆ ಸಾಕು, ಬೇರೆ ಊರಲ್ಲೂ ಬದಲಾಯಿಸ್ಲಿಕ್ಕೆ ಸುಲಭ.

ಕ್ಯಾಂಪ್‌ಫೈರ್‌ಗೆ ಕಟ್ಟಿಗೆ ದುಡ್ಡು ಕೊಟ್ಟೇ ತಗೊಳ್ಳಿ. ಅಲ್ಲಿಯ ಖೇಜ್ಡಿ ಮರ ಅಂದ್ರೆ ನಮ್ಮ ಬನ್ನಿ ಮರವೇ. 1730ರಲ್ಲಿ ಜೋಧಪುರದ ಹತ್ರ ಖೇಜಡ್ಲಿಯಲ್ಲಿ ಇದೇ ಮರ ಕಡೀಬಾರ್ದು ಅಂತ ಬಿಷ್ಣೋಯಿ ಪಂಥದ 363 ಜನ ಮರ ತಬ್ಬಿಕೊಂಡು ಪ್ರಾಣ ಕೊಟ್ಟಿದ್ದಾರೆ. ಅದರ ಕೊಂಬೆಗೆ ಕತ್ತಿ ಹಾಕಿದ್ರೆ ಆ ಊರಲ್ಲಿ ನಿಮಗೆ ಮತ್ತೆ ಜಾಗ ಇಲ್ಲ.

ಕಸದ ವಿಷಯ: ಮರುಭೂಮಿಯಲ್ಲಿ ಏನೂ ಕೊಳೆಯೋದಿಲ್ಲ, ಟಿಶ್ಯೂ ಪೇಪರ್ ಕೂಡ ವರ್ಷಗಟ್ಟಲೆ ಹಾಗೇ ಇರ್ತದೆ. ಎಲ್ಲ ಚೀಲದಲ್ಲಿ ಕಟ್ಟಿ ಪೇಟೆಗೆ ತನ್ನಿ. ಟಾಯ್ಲೆಟ್ ಕ್ಯಾಸೆಟ್, ಅಂದ್ರೆ ವ್ಯಾನಿನ ಟಾಯ್ಲೆಟ್ ಅಡಿಯಿಂದ ಹೊರಗೆ ಎಳೆಯುವ ಡಬ್ಬಿ, ಅದನ್ನ ಕ್ಯಾಂಪಿನವರ ಗುಂಡಿಗೆ ಕೇಳಿಯೇ ಖಾಲಿ ಮಾಡಿ.

9. ಮರಳಲ್ಲಿ ಬೈಕ್

ಮೊದಲು ಗಾಳಿ. ರಸ್ತೆಯಲ್ಲಿ 25-30 ಪಿಎಸ್ಐ ಇರುವ ಟೈರನ್ನ ಮರಳಿಗೆ 15-18ಕ್ಕೆ ಇಳಿಸಿ, ಟೈರ್ ಅಗಲವಾಗಿ ಕೂತು ತೇಲ್ತದೆ. ಅದಕ್ಕಿಂತ ಕಡಿಮೆ ಮಾಡ್ಬೇಕಾದ್ರೆ ರಿಮ್ ಲಾಕ್ ಬೇಕು, ಅಂದ್ರೆ ಟೈರನ್ನ ರಿಮ್ಮಿಗೆ ಒತ್ತಿ ಹಿಡಿಯುವ ಸಣ್ಣ ಬಿಗಿ. ಅದಿಲ್ಲದೆ 12ಕ್ಕೆ ಇಳಿಸಿದ್ರೆ ಟೈರ್ ರಿಮ್ ಮೇಲೆ ಜಾರಿ ಟ್ಯೂಬಿನ ವಾಲ್ವ್ ಕಿತ್ತು ಬರ್ತದೆ. ಡಾಂಬರಿಗೆ ಬಂದ ಕೂಡ್ಲೆ ಪುನಃ ತುಂಬಿಸಿ, ಇದನ್ನ ಮರೆತು ತಿರುವಲ್ಲಿ ಬಿದ್ದವರು ಇದ್ದಾರೆ.

ನಿಂತು ಓಡಿಸಿ, ಭಾರ ಸ್ವಲ್ಪ ಹಿಂದೆ, ಮೊಣಕಾಲಲ್ಲಿ ಟ್ಯಾಂಕ್ ಹಿಡ್ಕೊಳ್ಳಿ, ಕೈ ಸಡಿಲ. ಮುಂದಿನ ಚಕ್ರ ಆಚೀಚೆ ಹಾವಿನ ಹಾಗೆ ಹೊರಳ್ತದೆ, ಹೊರಳ್ಲಿ, ಹ್ಯಾಂಡಲ್ ಜೊತೆ ಜಗಳ ಮಾಡ್ಬೇಡಿ. ಹೊಸಬರು ಹೆದರಿದ ಕೂಡ್ಲೆ ಥ್ರಾಟಲ್ ಬಿಡ್ತಾರೆ, ಬಿಟ್ಟ ಕೂಡ್ಲೆ ಭಾರ ಮುಂದೆ ಬಂದು ಮುಂಚಕ್ರ ಹೂತು ಆಚೆ ಬೀಳ್ತಾರೆ. ಹೆದರಿಕೆ ಆದಾಗ ಒಂಚೂರು ಹೆಚ್ಚು ಕೊಡಿ, ಬೈಕ್ ತನ್ನಷ್ಟಕ್ಕೆ ನೆಟ್ಟಗಾಗ್ತದೆ. ಮುಂದಿನ ಬ್ರೇಕ್ ಮುಟ್ಟೋದು ಬೇಡ. ನಿಲ್ಲಿಸೋದಾದ್ರೆ ಇಳಿಜಾರಿನ ಕಡೆ ಮುಖ ಮಾಡಿ ನಿಲ್ಲಿಸಿ, ಹೊರಡ್ಲಿಕ್ಕೆ ಸುಲಭ.

ದಿಬ್ಬಕ್ಕೆ ಅಲ್ಲಿ ಧೋರಾ ಅಂತಾರೆ. ಒಂದು ಬದಿ ಗಾಳಿ ಬೀಸಿ ಬೀಸಿ ಗಟ್ಟಿಯಾದ ನಿಧಾನದ ಏರು, ಇನ್ನೊಂದು ಬದಿ ಮರಳು ಜಾರಿ ಬಿದ್ದ ಕಡಿದಾದ ಇಳಿಜಾರು, ಹತ್ರ ಹತ್ರ 34 ಡಿಗ್ರಿ. ಗಟ್ಟಿ ಬದಿಯಿಂದ ನೇರ ಹತ್ತಿ, ಓರೆಯಾಗಿ ಹತ್ತಿದ್ರೆ ಉರುಳ್ತದೆ. ತುದಿ ಹತ್ರ ವೇಗ ಕಮ್ಮಿ ಮಾಡಿ, ಆಚೆ ಎಂತ ಉಂಟು ಅಂತ ನಿಂತು ನೋಡದೆ ಹಾರೋದು ಬೇಡ, ಒಂಟೆಯೂ ಇರ್ಬಹುದು, ಮಕ್ಕಳೂ ಇರ್ಬಹುದು, ಎದುರಿಂದ ಹತ್ತುವ ಜೀಪೂ ಇರ್ಬಹುದು. ಬೈಕ್ ಹಿಂದೆ ಎರಡು ಮೀಟರ್ ಬಳುಕುವ ಕೋಲಿಗೆ ಕೇಸರಿ ಬಾವುಟ ಕಟ್ಟಿ.

ಹೊತ್ತು: ಬೆಳಿಗ್ಗೆ. ಡಿಸೆಂಬರ್ ಕೊನೆಗೆ ಅಲ್ಲಿ ಸೂರ್ಯ ಹುಟ್ಟೋದೇ ಏಳು ಗಂಟೆ ದಾಟಿದ ಮೇಲೆ, ಎಂಟರಿಂದ ಹನ್ನೊಂದರವರೆಗೆ ಇಬ್ಬನಿಗೆ ಮರಳು ಸ್ವಲ್ಪ ಬಿಗಿ ಇರ್ತದೆ, ಓರೆ ಬೆಳಕಲ್ಲಿ ಏರಿಳಿತ ಸ್ಪಷ್ಟ ಕಾಣ್ತದೆ. ನಡು ಮಧ್ಯಾಹ್ನ ನೆರಳು ಗಿಡ್ಡ ಆಗಿ ಎಲ್ಲ ಸಪಾಟಾಗಿ ಕಂಡು ಹೊಂಡ ಗೊತ್ತಾಗೋದಿಲ್ಲ.

ಹಿಂಚಕ್ರ ಆಕ್ಸಲ್‌ವರೆಗೆ ಹೂತುಹೋದ್ರೆ ಗುರ್ ಅನ್ನಿಸ್ಬೇಡಿ, ಕ್ಲಚ್ ಪ್ಲೇಟ್ ಸುಟ್ಟು ವಾಸನೆ ಬರ್ತದೆ ಅಷ್ಟೆ. ಎಂಜಿನ್ ಆಫ್ ಮಾಡಿ, ಬೈಕನ್ನ ಪಕ್ಕಕ್ಕೆ ಮಲಗಿಸಿ, ಚಕ್ರ ಮೇಲೆ ಬಂದಾಗ ಆ ಹೊಂಡಕ್ಕೆ ಕೈಯಲ್ಲೇ ಮರಳು ಎಳೆದು ತುಂಬಿಸಿ, ಕಾಲಲ್ಲಿ ತುಳಿದು, ಬೈಕ್ ಎತ್ತಿ, ಪಕ್ಕದಲ್ಲಿ ನಡೀತಾ ಮೆತ್ತಗೆ ಎರಡನೇ ಗೇರಲ್ಲಿ ದಾಟಿಸಿ. ಎರಡು ನಿಮಿಷದ ಕೆಲಸ.

ಒಬ್ಬರೇ ಹೋಗೋದು ಬೇಡವೇ ಬೇಡ. ಪೆಟ್ರೋಲ್ ಲೆಕ್ಕ ಮೂರು ಪಾಲು: ಹೋಗ್ಲಿಕ್ಕೆ ಒಂದು, ಬರ್ಲಿಕ್ಕೆ ಒಂದು, ಕಾಯ್ದಿಟ್ಟದ್ದು ಒಂದು. ಮರಳಲ್ಲಿ ಮೈಲೇಜ್ ಅರ್ಧ ಅಂತ ಇಟ್ಕೊಳ್ಳಿ. ಮ್ಯಾಪ್ ಆಫ್‌ಲೈನ್ ಇಳಿಸಿ, ಯಾವ ಕಡೆ ಹೋಗ್ತೀರಿ, ಎಷ್ಟು ಹೊತ್ತಿಗೆ ಬರ್ತೀರಿ ಅಂತ ಕ್ಯಾಂಪಲ್ಲಿ ಚೀಟಿ ಕೊಟ್ಟು ಹೋಗಿ. ಬೂಟು, ಮೊಣಕಾಲು ಮತ್ತು ಎದೆಯ ಗಾರ್ಡ್, ಫುಲ್ ಹೆಲ್ಮೆಟ್, ಗಾಗಲ್ಸ್, ಬೆನ್ನಲ್ಲಿ ಎರಡು ಲೀಟರ್ ನೀರು, ಓಆರ್‌ಎಸ್. ಮರಳು ಮೆತ್ತಗೆ, ಬಿದ್ರೆ ಏನೂ ಆಗೋದಿಲ್ಲ ಅಂತ ಹೇಳುವವರ ಮಾತು ಕೇಳ್ಬೇಡಿ, ಬೈಕ್ ಕಾಲ ಮೇಲೆ ಬೀಳ್ತದೆ, ಮುರಿಯೋದು ಪಾದ.

10. ದಿನನಿತ್ಯದ ಸರ್ವಿಸ್ ಮತ್ತು ವಾಪಸ್

ಏರ್ ಫಿಲ್ಟರ್ ದಿನಾ ಸಂಜೆ ತೆಗೆದು ನೋಡಿ, ಎರಡು ಫಿಲ್ಟರ್ ಇಟ್ಕೊಂಡು ಒಂದು ಹಾಕಿ ಒಂದು ಶುಚಿ ಮಾಡುವ ಕ್ರಮ ಒಳ್ಳೇದು. ಚೈನಿಗೆ ಊರಲ್ಲಿ ಹಾಕಿದ ಹಾಗೆ ಎಣ್ಣೆ ಸುರೀಬೇಡಿ, ಎಣ್ಣೆಗೆ ಮರಳು ಅಂಟಿ ಉಪ್ಪುಕಾಗದದ ಹಾಗೆ ಚೈನನ್ನೇ ತಿಂತದೆ. ಒಣ ಬಟ್ಟೆಯಲ್ಲಿ ಒರೆಸಿ, ಮೇಣದಂಥ ಡ್ರೈ ಲ್ಯೂಬ್ ತೆಳ್ಳಗೆ.

ಪಂಕ್ಚರ್ ಆಗೋದು ಮರಳಿಂದ ಅಲ್ಲ, ಬಳ್ಳಾರಿ ಜಾಲಿ ಮುಳ್ಳಿಂದ. ಕಛ್‌ನಲ್ಲಿ ಅದಕ್ಕೆ ಗಾಂಡೋ ಬಾವಳ್, ಹುಚ್ಚು ಜಾಲಿ ಅಂತಾರೆ, ಎಲ್ಲ ಕಡೆ ಹಬ್ಬಿದೆ. 21 ಮತ್ತು 18 ಇಂಚಿನ ಟ್ಯೂಬು ತಲಾ ಎರಡು, ಟೈರ್ ಲಿವರ್, ಪ್ಯಾಚ್, ಕ್ಲಚ್ ಕೇಬಲ್, ಕ್ಲಚ್ ಪ್ಲೇಟ್ ಸೆಟ್, ಚೈನ್ ಲಿಂಕ್, ಬ್ರೇಕ್-ಕ್ಲಚ್ ಲಿವರ್. ಟ್ಯೂಬ್ ಬದಲಿಸ್ಲಿಕ್ಕೆ ಊರಲ್ಲೇ ಕಲಿತು ಹೋಗಿ, ಹೊಸ ಟ್ಯೂಬ್ ಹಾಕುವ ಮೊದಲು ಟೈರಿನ ಒಳಬದಿಗೆ ಬೆರಳಾಡಿಸಿ ಮುರಿದ ಮುಳ್ಳಿನ ತುದಿ ತೆಗೀದಿದ್ರೆ ಅರ್ಧ ಗಂಟೆಯಲ್ಲಿ ಅದೂ ಹೋಗ್ತದೆ.

ವ್ಯಾನ್ ಅಕಸ್ಮಾತ್ ಹೂತ್ರೆ: ಟೈರ್ ಗಾಳಿ ಅರ್ಧಕ್ಕಿಂತ ಸ್ವಲ್ಪ ಮೇಲೆ ಇಳಿಸಿ, ಚಕ್ರದ ಮುಂದಿನ ಮರಳು ಇಳಿಜಾರಾಗಿ ತೋಡಿ, ಚಕ್ರಕ್ಕೆ ಹಿಡಿತ ಕೊಡುವ ಸ್ಯಾಂಡ್ ಬೋರ್ಡ್ ಇಡಿ, ಜ್ಯಾಕ್ ಅಡಿಗೆ ಅಗಲದ ಹಲಗೆ. ಎರಡು ಸಲ ನೋಡಿ, ಆಗ್ಲಿಲ್ಲಾಂದ್ರೆ ಟ್ರ್ಯಾಕ್ಟರ್ ಕರೆಸಿ, ಮೂರನೇ ಸಲಕ್ಕೆ ಇನ್ನೂ ಆಳಕ್ಕೆ ಹೋಗ್ತದೆ. ಎಳೆಯುವ ಹಗ್ಗ ಬಿಗಿಯುವಾಗ ಅದರ ನೇರಕ್ಕೆ ಯಾರೂ ನಿಲ್ಬಾರ್ದು.

ಫೆಬ್ರವರಿ ಕೊನೆಗೆ ಊರಿಗೆ ಬಂದ ಮೇಲೆ ವ್ಯಾನಿನ ಮತ್ತು ಬೈಕಿನ ಅಡಿಭಾಗ ಪೂರ್ತಿ ನೀರಲ್ಲಿ ತೊಳೆಸಿ, ರಣ್‌ಗೆ ಹೋಗಿದ್ರಂತೂ ಅದೇ ದಿನ. ಉಪ್ಪಿನ ಹುಡಿ ಮೂಲೆಯಲ್ಲಿ ಒಣಗಿ ಕೂತಿರ್ತದೆ, ನಮ್ಮ ಕಡಲ ಗಾಳಿ ತಾಗಿದ ಕೂಡ್ಲೆ ಕರಗಿ ಕಬ್ಬಿಣ ತಿನ್ಲಿಕ್ಕೆ ಶುರು ಮಾಡ್ತದೆ. ಬೈಕಿನ ಚಕ್ರದ ಬೇರಿಂಗ್, ಸ್ಟೇರಿಂಗ್ ಬೇರಿಂಗ್ ಬಿಚ್ಚಿಸಿ ಹಳೇ ಗ್ರೀಸ್ ತೆಗೆಸಿ. ಬೆರಳಲ್ಲಿ ಉಜ್ಜಿ ನೋಡಿ, ಗರಗರ ಅಂದ್ರೆ ಬೇರಿಂಗ್ ಬದಲಿಸಿಯೇ ಬಿಡಿ. ವ್ಯಾನಿನ ಏರ್ ಫಿಲ್ಟರ್, ಎಸಿ ಫಿಲ್ಟರ್ ಹೊಸದು ಹಾಕಿಸಿ, ಬಾಗಿಲು ಜಾರುವ ಹಳಿಯ ಮರಳನ್ನ ಹಳೇ ಹಲ್ಲುಜ್ಜುವ ಬ್ರಷ್ ಮತ್ತು ವ್ಯಾಕ್ಯೂಮಲ್ಲಿ ತೆಗೀರಿ. ಇದೆಲ್ಲ ಮಳೆ ಹಿಡಿಯುವ ಮೊದಲು, ಮೇ ಕೊನೆಯೊಳಗೆ ಮುಗಿದಿರ್ಲಿ.